ನಮ್ಮ ಬಿಸಿಲಿಗೆ ಯಾವ ಟೈರ್? ರಾಯಚೂರು, ಬಳ್ಳಾರಿ, ಕೊಪ್ಪಳದ ಕಾರಿನವರಿಗೆ ಒಂದು ಮಾರ್ಗದರ್ಶಿ

ಟೈರ್ ಅಂಗಡಿಗೆ ಕಾಲಿಟ್ಟ ಕೂಡಲೇ ಒಂದು ಮಾತು ಕೇಳಿಬರುತ್ತದೆ. "ಆಲ್ ಸೀಸನ್ ಐತ್ರಿ ಸರ್, ಮೂರೂ ಕಾಲಕ್ಕ ನಡೀತೈತಿ, ಚಿಂತಿ ಮಾಡ್ಬ್ಯಾಡ್ರಿ." ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. ಆದರೆ ಯಾರ ಊರಿನ ಮೂರು ಕಾಲ ಅನ್ನುವುದು ಪ್ರಶ್ನೆ. ಹಿಮ ಬೀಳುವ ದೇಶಗಳಲ್ಲಿ ಬೇಸಿಗೆಗೆ ಒಂದು ಟೈರ್, ಚಳಿಗಾಲಕ್ಕೆ ಇನ್ನೊಂದು ಟೈರ್ ಇರುತ್ತದೆ. ಎರಡು ಸೆಟ್ ಇಟ್ಟುಕೊಳ್ಳುವ ತಾಪತ್ರಯ ಬೇಡ ಅನ್ನುವವರಿಗಾಗಿ ನಡುವಿನ ಟೈರ್ ಬಂತು. ಅದೇ ಆಲ್ ಸೀಸನ್. ಸಿಂಧನೂರಿನಲ್ಲೋ ಸಿರುಗುಪ್ಪದಲ್ಲೋ ಕಾರು ಓಡಿಸುವ ನಮಗೆ ಕಾಲ ಅಂದರೆ ಮೊದಲು ಬಿಸಿಲು. ಆಮೇಲೆ ಮಳೆ. ಚಳಿ ನಮ್ಮ ಟೈರಿಗೆ ಲೆಕ್ಕವೇ ಅಲ್ಲ.

ಇದನ್ನು ತಲೆಯಲ್ಲಿಟ್ಟುಕೊಂಡರೆ ಟೈರ್ ಆರಿಸುವುದು ಅರ್ಧ ಸುಲಭವಾಗುತ್ತದೆ. ಕಂಪನಿ ಹೆಸರು ಕೊನೆಗೆ ನೋಡೋಣ. ಮೊದಲು ಟೈರಿನ ಮೈಮೇಲೆ ಏನು ಬರೆದಿದೆ ಅಂತ ಓದಲು ಕಲಿಯೋಣ.

ಮೊದಲು ಹಳೇ ಟೈರನ್ನು ಓದಿ

ಅಂಗಡಿಗೆ ಹೋಗುವ ಮುಂಚೆ ಮನೆ ಮುಂದೆ ನಿಂತ ಕಾರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಹತ್ತು ನಿಮಿಷ ಕೊಡಿ. ಟೈರಿನ ಪಕ್ಕದಲ್ಲಿ ಉಬ್ಬಿದ ಅಕ್ಷರಗಳಿರುತ್ತವೆ. ಧೂಳು ಕೂತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ.

185/65 ಆರ್ 15 88 ಎಚ್ ಅಂತ ಇದೆ ಅಂದುಕೊಳ್ಳಿ. 185 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಆ ಅಗಲದ ಶೇ 65ರಷ್ಟು ಪಕ್ಕದ ಗೋಡೆಯ ಎತ್ತರ. ಅಂದರೆ ಸುಮಾರು 120 ಮಿ.ಮೀ. ಆರ್ ಅಂದರೆ ರೇಡಿಯಲ್, ಟೈರಿನೊಳಗಿನ ದಾರ ಹೆಣೆದಿರುವ ಒಂದು ಬಗೆ. 15 ಅಂದರೆ ರಿಮ್ಮಿನ ಅಳತೆ, ಇಂಚಿನಲ್ಲಿ. 88 ಅಂದರೆ ಒಂದು ಟೈರ್ ಹೊರಬಲ್ಲ ಭಾರದ ಸಂಕೇತ: 560 ಕೆ.ಜಿ. ಕೊನೆಯ ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಡೆಯುತ್ತದೆ ಅಂತ. ಅಲ್ಲಿ ಟಿ ಇದ್ದರೆ 190, ಎಸ್ ಇದ್ದರೆ 180, ವಿ ಇದ್ದರೆ 240.

"ನಾವೇನು 190ರಲ್ಲಿ ಓಡಿಸ್ತೀವಾ?" ಅಂತ ಕೇಳಬಹುದು. ಓಡಿಸುವುದಿಲ್ಲ, ಓಡಿಸಲೂಬಾರದು. ಆದರೆ ಆ ಅಕ್ಷರ ಬರೀ ವೇಗದ ಲೆಕ್ಕವಲ್ಲ. ವೇಗ ಹೆಚ್ಚಿದಷ್ಟೂ ಟೈರ್ ಕಾಯುತ್ತದೆ. ಆ ಕಾವನ್ನು ಎಷ್ಟು ತಡೆಯುತ್ತದೆ ಅನ್ನುವುದೂ ಅದರೊಳಗೇ ಇದೆ. ಕಾರಿನ ಜೊತೆ ಬಂದದ್ದು ಟಿ ಆಗಿದ್ದು, ಅದೇ ಸೈಜಿನಲ್ಲಿ ಎಚ್ ಸಿಕ್ಕರೆ ನಮ್ಮ ಕಡೆ ಎಚ್ ತಗೊಳ್ಳುವುದು ಒಳ್ಳೆಯದು. ಕಂಪನಿ ಕೊಟ್ಟಿದ್ದಕ್ಕಿಂತ ಕೆಳಗಿನ ಅಕ್ಷರ ಮಾತ್ರ ಬೇಡ.

ಡ್ರೈವರ್ ಬಾಗಿಲು ತೆಗೆದರೆ ಬಾಗಿಲ ಚೌಕಟ್ಟಿನ ಕಂಬದ ಮೇಲೆ ಒಂದು ಸ್ಟಿಕರ್ ಇರುತ್ತದೆ. ನಿಮ್ಮ ಕಾರಿಗೆ ಯಾವ ಸೈಜ್, ಎಷ್ಟು ಗಾಳಿ ಅಂತ ಅದರಲ್ಲಿದೆ. ಅದರ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಂತೂ ಇದನ್ನು ನೋಡಲೇಬೇಕು. ಹಿಂದಿನ ಮಾಲೀಕ ಸೈಜ್ ಬದಲಿಸಿರಬಹುದು.

ಬದಲಿಸುವುದೇ ತಪ್ಪು ಅಂತಲ್ಲ. 165/80 ಆರ್ 14 ಇದ್ದವರು 185/70 ಆರ್ 14 ಹಾಕಿಸಿಕೊಳ್ಳುವುದುಂಟು. ಲೆಕ್ಕ ಹಾಕಿದರೆ ಒಟ್ಟು ಎತ್ತರ ಸುಮಾರು 620 ಮಿ.ಮೀ. ಇದ್ದದ್ದು 615 ಆಗುತ್ತದೆ. ಅಷ್ಟರಿಂದ ಮೀಟರ್ ತೋರಿಸುವ ವೇಗ ಹೆಚ್ಚೇನೂ ಬದಲಾಗುವುದಿಲ್ಲ. ಆದರೆ ನಿಮ್ಮ ರಿಮ್ಮಿನ ಅಗಲಕ್ಕೆ ಅದು ಒಪ್ಪುತ್ತದಾ ಅಂತ ಕೇಳಿ. ಟೈರ್ ಅಗಲವಾದಷ್ಟೂ ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ ಅನ್ನುವುದೂ ನೆನಪಿರಲಿ. ನನ್ನ ಮಟ್ಟಿಗೆ, ಕಂಪನಿ ಕೊಟ್ಟ ಸೈಜೇ ಸಾಕು. ಚಂದಕ್ಕಾಗಿ ದೊಡ್ಡ ರಿಮ್, ತೆಳು ಟೈರ್ ಹಾಕಿಸಿದರೆ ನಮ್ಮ ತಗ್ಗು-ದಿನ್ನೆಯ ರಸ್ತೆಯಲ್ಲಿ ಮೊದಲು ಹೋಗುವುದೇ ಆ ಟೈರಿನ ಪಕ್ಕ.

ನಿಜವಾಗಿ ಬದಲಿಸಬೇಕಾ?

ಗ್ರಿಪ್ಪಿನ ಸಾಲುಗಳ ನಡುವೆ ಬೆರಳು ಆಡಿಸಿದರೆ ಅಲ್ಲಲ್ಲಿ ಸಣ್ಣ ಅಡ್ಡಗಟ್ಟೆ ಸಿಗುತ್ತದೆ. ಟೈರಿನ ಅಂಚಿನಲ್ಲಿ ಚಿಕ್ಕ ತ್ರಿಕೋನ ಗುರುತೋ ಟಿಡಬ್ಲ್ಯುಐ ಅಕ್ಷರಗಳೋ ಇದ್ದರೆ ಅದರ ನೇರಕ್ಕೆ ನೋಡಿ. ಆ ಅಡ್ಡಗಟ್ಟೆಯ ಎತ್ತರ 1.6 ಮಿ.ಮೀ. ಗ್ರಿಪ್ ಸವೆದು ಅದರ ಮಟ್ಟಕ್ಕೆ ಬಂತು ಅಂದರೆ ಕಾನೂನಿನ ಪ್ರಕಾರವೂ ಟೈರಿನ ಆಯುಷ್ಯ ಮುಗಿಯಿತು. ಹೊಸ ಕಾರ್ ಟೈರಿನಲ್ಲಿ ಸಾಮಾನ್ಯವಾಗಿ 7ರಿಂದ 8 ಮಿ.ಮೀ. ಆಳ ಇರುತ್ತದೆ. 3 ಮಿ.ಮೀ.ಗೆ ಇಳಿದಾಗಲೇ ಮಳೆಗಾಲಕ್ಕೆ ಮುಂಚೆ ಬದಲಿಸುವುದು ನನ್ನ ರೂಢಿ. ನೀರು ಹೊರಗೆ ತಳ್ಳುವ ಶಕ್ತಿ ಆಗಲೇ ಬಹಳ ಕಡಿಮೆ ಆಗಿರುತ್ತದೆ.

ಆದರೆ ನಮ್ಮ ಕಡೆ ಬಹಳ ಟೈರ್‌ಗಳು ಸವೆದು ಹೋಗುವುದಿಲ್ಲ. ಒಣಗಿ ಹೋಗುತ್ತವೆ. ಮನೆ ಮುಂದೆ ಬಿಸಿಲಲ್ಲೇ ನಿಲ್ಲುವ ಕಾರು, ವಾರಕ್ಕೊಮ್ಮೆ ಹೊರಗೆ ಹೋಗುವ ಕಾರು. ನೋಡಿದರೆ ಗ್ರಿಪ್ ಹೊಸದರ ಹಾಗೆ ಇರುತ್ತದೆ. ಪಕ್ಕದ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬಿರುಕುಬಿಟ್ಟ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಗೆರೆ ಕಂಡರೆ ರಬ್ಬರಿನ ಜೀವ ಹೋಗಿದೆ ಅಂತಲೇ ಅರ್ಥ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಿಚ್ಚಿಸಿ ಒಳಗೂ ಹೊರಗೂ ತೋರಿಸಿ. ಹತ್ತು ವರ್ಷ ದಾಟಿದ್ದು ಎಷ್ಟೇ ಚೆನ್ನಾಗಿ ಕಂಡರೂ ಬೇಡ. ನಮ್ಮ ಬಿಸಿಲಿಗೆ ನಾನು ಆರು ವರ್ಷಕ್ಕೇ ಬಿಡುತ್ತೇನೆ. ಪಕ್ಕದಲ್ಲಿ ಗುಳ್ಳೆಯ ಹಾಗೆ ಉಬ್ಬಿದ್ದರೆ ಒಳಗಿನ ದಾರ ಕಿತ್ತಿದೆ. ಅದನ್ನು ಅವತ್ತೇ ಬಿಚ್ಚಿಸಬೇಕು.

ಕಾವಿನ ವಿಷಯ: ಇಲ್ಲಿ ಸ್ವಲ್ಪ ನಿಲ್ಲೋಣ

ಒಂದು ಮೇ ತಿಂಗಳು. ಮಾವನವರನ್ನು ರಾಯಚೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಿದ್ದೆ. ಹಿಂದಿನ ದಿನ ಒಂದು ಅಂಗಡಿಯಲ್ಲಿ ಗಾಳಿ ಹಾಕಿಸುವಾಗ ಹುಡುಗ ಹೇಳಿದ್ದ: "ಬಿಸ್ಲು ಜೋರ್ ಐತ್ರಿ ಅಣ್ಣಾರ, ಗಾಳಿ ಉಬ್ಬತೈತಿ. ನಾಕೈದು ಪಾಯಿಂಟ್ ಕಡಿಮಿ ಹಾಕ್ತೀನಿ." ಸರಿ ಅಂದೆ. ಎಲ್ಲರೂ ಹಾಗೆ ಹೇಳುವುದನ್ನು ಕೇಳಿದ್ದೆ. 32 ಪಾಯಿಂಟ್ (ಪಿಎಸ್‌ಐ, ಗಾಳಿಯ ಒತ್ತಡದ ಅಳತೆ) ಇರಬೇಕಾದ ಕಡೆ 27 ಇತ್ತು. ಪೋತ್ನಾಳ್ ದಾಟಿ ಮಾನ್ವಿ ಕಡೆ ಹೋಗುವಾಗ ಹಿಂದಿನ ಎಡಗಡೆ ಟೈರ್ ಢಂ ಅಂತು. ವೇಗ ಕಡಿಮೆ ಇತ್ತು, ಎದುರಿಗೆ ಲಾರಿ ಇರಲಿಲ್ಲ, ಉಳಿದೆವು. ಮಾವನವರ ಕೈ ಬಹಳ ಹೊತ್ತು ನಡುಗುತ್ತಿತ್ತು.

ಸ್ಟೆಪ್ನಿ ಹಾಕಿಕೊಂಡು ಮಾನ್ವಿ ಸೇರಿದೆವು. ಅಲ್ಲಿ ಪಂಕ್ಚರ್ ತೆಗೆಯುವ ಹಿರಿಯರೊಬ್ಬರು ಹರಿದ ಟೈರನ್ನು ರಿಮ್ಮಿನಿಂದ ಬಿಡಿಸಿ ಬಗ್ಗಿಸಿದರು. ಒಳಗಿನಿಂದ ಒಂದು ಹಿಡಿಯಷ್ಟು ಕರಿ ಪುಡಿ ಸುರಿಯಿತು. ನುಣ್ಣಗೆ, ಕಾಡಿಗೆಯ ಹಾಗೆ. ಅದನ್ನು ನನ್ನ ಅಂಗೈಗೆ ಹಾಕಿ "ನೋಡಪಾ, ಇದು ನಿನ್ನ ಟೈರಿನ ಕರುಳು" ಅಂದರು. ಗಾಳಿ ಕಡಿಮೆ ಇದ್ದಾಗ ಟೈರಿನ ಪಕ್ಕ ಪ್ರತಿ ಸುತ್ತಿಗೂ ಮಡಚಿ ಮಡಚಿ ಏಳುತ್ತದೆ. ಮಡಚಿದಷ್ಟೂ ಕಾಯುತ್ತದೆ. ಒಳಗಿನ ರಬ್ಬರ್ ಉಜ್ಜಿ ಉಜ್ಜಿ ಪುಡಿಯಾಗುತ್ತದೆ. ಕೊನೆಗೆ ಗೋಡೆ ಕಿತ್ತು ಬರುತ್ತದೆ.

ಅಂದರೆ ಬೇಸಿಗೆಯಲ್ಲಿ ಗಾಳಿ ಇಳಿಸುವುದು ತಲೆಕೆಳಗಾದ ಲೆಕ್ಕ. ಗಾಳಿ ಕಾದರೆ ಉಬ್ಬುವುದು ನಿಜ. ಆದರೆ ಎಷ್ಟು? 30 ಪಾಯಿಂಟ್ ಇದ್ದ ಟೈರ್ 10 ಡಿಗ್ರಿ ಜಾಸ್ತಿ ಕಾದರೆ ಸುಮಾರು ಒಂದೂವರೆ ಪಾಯಿಂಟ್ ಏರುತ್ತದೆ. ಓಡಿ ಚೆನ್ನಾಗಿ ಕಾದಾಗ ನಾಲ್ಕೈದು ಏರಬಹುದು. ಕಾರ್ ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಒತ್ತಡ ಹೆಚ್ಚಾಗಿ 44 ಅಥವಾ 51 ಇರುತ್ತದೆ. ಈ ಏರಿಕೆಯನ್ನು ಲೆಕ್ಕ ಹಾಕಿಯೇ ಕಾರು ಕಂಪನಿ ಸ್ಟಿಕರ್ ಮೇಲೆ ಅಂಕಿ ಬರೆದಿರುತ್ತದೆ. ಬೆಳಗ್ಗೆ, ಕಾರು ಓಡುವ ಮುಂಚೆ, ತಣ್ಣಗಿರುವಾಗ ಆ ಅಂಕಿಗೆ ಸರಿಯಾಗಿ ಹಾಕಿಸಿ. ಕಾದ ಟೈರಿನಿಂದ ಗಾಳಿ ಬಿಡಬೇಡಿ. ನೈಟ್ರೋಜನ್ ಹಾಕಿಸಿದರೂ ಇದೇ ನಿಯಮ. ಮಾಮೂಲಿ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಅದನ್ನು ಹಾಕಿಸುವುದೇನೂ ತಪ್ಪಲ್ಲ, ಆದರೆ ಗಾಳಿ ಪರೀಕ್ಷಿಸುವ ಕೆಲಸ ತಪ್ಪುವುದಿಲ್ಲ.

ಈಗ ಟೈರ್ ಆರಿಸುವ ಮಾತಿಗೆ ಬರೋಣ. ಗಾಳಿ 40 ಡಿಗ್ರಿ ದಾಟಿದ ಮಧ್ಯಾಹ್ನ ಡಾಂಬರು 60 ಡಿಗ್ರಿ ದಾಟಬಲ್ಲದು. ಬರಿಗಾಲಲ್ಲಿ ಒಂದು ಹೆಜ್ಜೆ ಇಟ್ಟವರಿಗೆ ಅದು ಗೊತ್ತು. ಅದರ ಮೇಲೆ ಗಂಟೆಗಟ್ಟಲೆ ಉರುಳುವುದು ಈ ರಬ್ಬರ್. ಆದ್ದರಿಂದ ಕೆಲವು ಟೈರ್‌ಗಳ ಪಕ್ಕದಲ್ಲಿ ಇರುವ ಇನ್ನೊಂದು ಸಾಲನ್ನು ಹುಡುಕಿ: ಟ್ರೆಡ್‌ವೇರ್, ಟ್ರ್ಯಾಕ್ಷನ್, ಟೆಂಪರೇಚರ್ ಅನ್ನುವ ಮೂರು ಮಾತು. ಟೆಂಪರೇಚರ್ ಮುಂದೆ ಎ, ಬಿ, ಸಿ ಇರುತ್ತದೆ. ಎ ಎಲ್ಲಕ್ಕಿಂತ ಚೆನ್ನಾಗಿ ಕಾವು ತಡೆಯುತ್ತದೆ. ನಮ್ಮ ಮೂರೂ ಜಿಲ್ಲೆಗೆ ಎ ಇದ್ದದ್ದೇ ಬೇಕು. ಟ್ರ್ಯಾಕ್ಷನ್ ಅಂದರೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯುವ ಶಕ್ತಿ. ಎಎ, ಎ, ಬಿ, ಸಿ ಎಂಬ ಕ್ರಮ. ಎ ಅಥವಾ ಎಎ ಇರಲಿ. ಟ್ರೆಡ್‌ವೇರ್ ಅಂಕಿ ದೊಡ್ಡದಿದ್ದಷ್ಟೂ ನಿಧಾನ ಸವೆಯುತ್ತದೆ. ಆದರೆ ಆ ಅಂಕಿಯನ್ನು ಕಂಪನಿಗಳೇ ಕೊಟ್ಟುಕೊಳ್ಳುತ್ತವೆ. ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಸರಿ, ಎರಡು ಕಂಪನಿ ಹೋಲಿಸಲು ಅಷ್ಟು ನಂಬಿಕೆ ಬೇಡ.

ಇನ್ನು ಎಂ+ಎಸ್ ಅಂತ ಇದ್ದರೆ ಅದು ಮಣ್ಣು ಮತ್ತು ಹಿಮ ಅನ್ನುವ ಇಂಗ್ಲಿಷ್ ಮಾತುಗಳ ಗುರುತು. ಅದರಿಂದ ನಮಗೆ ನಷ್ಟವೂ ಇಲ್ಲ, ವಿಶೇಷ ಲಾಭವೂ ಇಲ್ಲ. ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹೂವಿನ ಚಿತ್ರ ಇದ್ದರೆ ಮಾತ್ರ ಬೇಡ ಅನ್ನಿ. ಹೊರದೇಶದಿಂದ ತರಿಸಿದ ಟೈರ್‌ಗಳಲ್ಲಿ, ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ಕೆಲವದರಲ್ಲಿ ಅದು ಕಾಣಬಹುದು. ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲೂ ಗಟ್ಟಿಯಾಗದ ಹಾಗೆ ಅದರ ರಬ್ಬರನ್ನು ಮೆತ್ತಗೆ ಮಾಡಿರುತ್ತಾರೆ. ಆ ಮೆತ್ತನೆ ರಬ್ಬರ್ ಶಕ್ತಿನಗರದ ಬಿಸಿಲಲ್ಲಿ ಬೇಗ ಸವೆಯುತ್ತದೆ.

ನಿಮ್ಮ ಓಡಾಟದ ಲೆಕ್ಕ

ಕಳೆದ ವರ್ಷ ಎಷ್ಟು ಕಿ.ಮೀ. ಓಡಿದೆ? ಸರ್ವಿಸ್ ಬುಕ್ ನೋಡಿದರೆ ಗೊತ್ತಾಗುತ್ತದೆ. ಈ ಒಂದು ಅಂಕಿ ಅರ್ಧ ನಿರ್ಧಾರ ಮಾಡುತ್ತದೆ.

ವರ್ಷಕ್ಕೆ ಎಂಟು ಸಾವಿರ ಓಡುವ ಮನೆ ಕಾರಿಗೆ 50 ಸಾವಿರ ಕಿ.ಮೀ. ಬಾಳುವ ಟೈರ್ ಹಾಕಿಸಿದರೆ ಅದು ಸವೆಯಲು ಆರು ವರ್ಷಕ್ಕಿಂತ ಜಾಸ್ತಿ ಬೇಕು. ಅಷ್ಟರೊಳಗೆ ಬಿಸಿಲೇ ಅದನ್ನು ಒಣಗಿಸಿರುತ್ತದೆ. ಹೀಗಿರುವಾಗ "ಬಹಳ ಬಾಳಿಕೆ" ಅನ್ನುವ ಟೈರಿಗೆ ದುಡ್ಡು ಕೊಟ್ಟು ಏನು ಸಿಕ್ಕಿತು? ಬಾಳಿಕೆಗಾಗಿ ರಬ್ಬರನ್ನು ಗಟ್ಟಿ ಮಾಡಿದರೆ ಒದ್ದೆ ರಸ್ತೆಯಲ್ಲಿ ಹಿಡಿತ ಸಾಮಾನ್ಯವಾಗಿ ಸ್ವಲ್ಪ ಕಡಿಮೆಯಾಗುತ್ತದೆ. ಕಡಿಮೆ ಓಡಿಸುವವರು ಮಳೆಯಲ್ಲಿ ಚೆನ್ನಾಗಿ ಹಿಡಿಯುವ ಟೈರನ್ನೇ ತಗೊಳ್ಳಿ. ಗುಡ್‌ಇಯರ್‌ನ ಅಶ್ಯೂರೆನ್ಸ್ ಟ್ರಿಪಲ್‌ಮ್ಯಾಕ್ಸ್ ಆ ಸಾಲಿನದು. ಬಾಡಿಗೆ ಕಾರಿನವರು, ದಿನಾ ಬಳ್ಳಾರಿ–ಸಿಂಧನೂರು ಓಡಾಡುವವರು ಬಾಳಿಕೆಯ ಸಾಲಿನದನ್ನು ನೋಡಿ. ಅಪೋಲೋದ ಅಮೇಜರ್ 4ಜಿ ಲೈಫ್, ಸಿಯೆಟ್‌ನ ಮೈಲೇಝ್ (Milaze), ಬ್ರಿಜ್‌ಸ್ಟೋನ್‌ನ ಸ್ಟರ್ಡೋ ಇಂಥವು. ಎಂಆರ್‌ಎಫ್, ಜೆಕೆ ಟೈರ್‌ಗಳಲ್ಲೂ ಎರಡೂ ಬಗೆ ಇವೆ. ಯಾವುದೇ ಇರಲಿ, ನಿಮ್ಮ ಸೈಜಿನಲ್ಲಿ ಸಿಗುವ ಟೈರಿನ ಪಕ್ಕವನ್ನು ಓದಿಯೇ ಒಪ್ಪಿ.

ಮಳೆಯ ಬಗ್ಗೆ ಇನ್ನೊಂದು ಮಾತು. "ನಮ್ಮಲ್ಲಿ ಮಳೆನೇ ಎಲ್ಲೈತಿ" ಅನ್ನುವವರಿದ್ದಾರೆ. ಮಳೆ ಕಡಿಮೆ ಇರುವುದೇ ಅಪಾಯ. ತಿಂಗಳುಗಟ್ಟಲೆ ಧೂಳು, ಎಣ್ಣೆ, ಲಾರಿಯಿಂದ ಉದುರಿದ ಅದಿರಿನ ಪುಡಿ ರಸ್ತೆಯ ಮೇಲೆ ಕೂತಿರುತ್ತದೆ. ಮೊದಲ ಮಳೆ ಹನಿದಾಗ ಅದೆಲ್ಲ ಸಾಬೂನಿನ ಹಾಗೆ ಆಗುತ್ತದೆ. ಸಂಡೂರು, ತೋರಣಗಲ್ಲು ಕಡೆ ಕೆಂಪು ಕೆಸರು. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರ್ ಬಿಟ್ಟು ಹೋದ ಎರೆ ಮಣ್ಣು. ಸುಗ್ಗಿಯಲ್ಲಿ ರಸ್ತೆ ಮೇಲೆ ಭತ್ತ ಒಣಹಾಕಿರುತ್ತಾರೆ. ಉದುರು ಕಾಳಿನ ಮೇಲೆ ಬ್ರೇಕ್ ಹೊಡೆದರೆ ಯಾವ ಟೈರೂ ಹಿಡಿಯುವುದಿಲ್ಲ, ಅಲ್ಲಿ ನಿಧಾನವೇ ಮದ್ದು.

ಹೊಲಕ್ಕೆ ಹೋಗುವವರು ಬೊಲೆರೊಗೆ ದಪ್ಪ ಬಟನ್ನಿನ ಎಟಿ (ಆಲ್ ಟೆರೇನ್, ಎಲ್ಲ ಬಗೆಯ ನೆಲಕ್ಕೆ ಅನ್ನುವ) ಟೈರ್ ಹಾಕಿಸಲೇ ಅಂತ ಕೇಳುತ್ತಾರೆ. ಕಲ್ಲು, ಗರಸಿನ ದಾರಿಗೆ ಅದು ಸರಿ. ಹಸಿ ಎರೆ ಮಣ್ಣಿಗೆ ಅದೂ ಸಾಲದು. ನಾಲ್ಕು ಮಾರು ಹೋಗುವಷ್ಟರಲ್ಲಿ ಮಣ್ಣು ಅಂಟಿ ಟೈರ್ ಗುಂಡಗಾಗುತ್ತದೆ. ಡಾಂಬರಿನ ಮೇಲೆ ಸದ್ದು ಜಾಸ್ತಿ, ಡೀಸೆಲ್ ಜಾಸ್ತಿ. ವಾರಕ್ಕೆ ಒಂದೆರಡು ಸಲ ಹೊಲಕ್ಕೆ ಹೋಗುವವರಿಗೆ ಮಾಮೂಲಿ ರಸ್ತೆ ಟೈರೇ ಸಾಕು.

ಭಾರದ ಅಂಕಿಯನ್ನು ಮರೆಯಬೇಡಿ. ಹುಣ್ಣಿಮೆಗೆ ಹುಲಿಗಿಗೆ ಹೊರಟರೆ ಏಳು ಸೀಟಿನ ಗಾಡಿಯಲ್ಲಿ ಒಂಬತ್ತು ಜನ, ಬರುವಾಗ ಗಂಗಾವತಿಯಿಂದ ನಾಲ್ಕು ಅಕ್ಕಿ ಚೀಲ. ಇದು ನಮ್ಮ ಮನೆಗಳಲ್ಲಿ ನಡೆಯುವುದೇ. ಕಂಪನಿ ಹೇಳಿದ ಲೋಡ್ ಅಂಕಿಗಿಂತ ಕಡಿಮೆಯದನ್ನು ಅಗ್ಗಕ್ಕೆ ಸಿಕ್ಕಿತು ಅಂತ ಹಾಕಿಸಬೇಡಿ. ಜನ ತುಂಬಿದಾಗ ಸ್ಟಿಕರ್ ಮೇಲೆ "ಫುಲ್ ಲೋಡ್" ಅಂತ ಬೇರೆ ಅಂಕಿ ಇರುತ್ತದೆ. ಅಷ್ಟು ಗಾಳಿ ಹಾಕಿಸಿ.

ಅಂಗಡಿಯಲ್ಲಿ

ಟೈರ್ ಕೈಗೆ ಬಂದ ಮೇಲೆ ಮೊದಲು ತಾರೀಕು. ಇಂಗ್ಲಿಷಿನ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. 2325 ಅಂತಿದ್ದರೆ 2025ನೇ ಇಸವಿಯ 23ನೇ ವಾರ ತಯಾರಾದದ್ದು. ಆರು ತಿಂಗಳೊಳಗಿನದು ಸಿಕ್ಕರೆ ಉತ್ತಮ, ವರ್ಷ ದಾಟಿದ್ದು ನಾನು ಒಪ್ಪುವುದಿಲ್ಲ. ತಗಡಿನ ಗೋದಾಮಿನಲ್ಲಿ ಎರಡು ಬೇಸಿಗೆ ಕಳೆದ ಟೈರ್ ಹೊಸದಲ್ಲ. ನಾಲ್ಕೂ ಟೈರಿನ ಅಂಕಿ ನೋಡಿ, ಒಂದನ್ನು ತೋರಿಸಿ ಮೂರು ಹಳೆಯದು ಸೇರಿಸಿಬಿಡುವುದುಂಟು. ಐಎಸ್‌ಐ ಗುರುತು ಇರಲೇಬೇಕು.

ಬೆಲೆ ಕೇಳುವಾಗ ಫಿಟ್ಟಿಂಗ್, ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಸೇರಿ ಎಷ್ಟು ಅಂತ ಒಟ್ಟಿಗೇ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಕಾಣಬೇಕು. ಬಿಲ್ಲಿಲ್ಲದೆ ಇನ್ನೂರು ಉಳಿಸಲು ಹೋಗಬೇಡಿ, ವಾರಂಟಿ ಕೇಳುವಾಗ ಅದೇ ಬೇಕು. ಟೈರಿನ ನಂಬರನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ರೀಟ್ರೆಡ್ ಮಾಡಿದ್ದು (ಹಳೇ ಟೈರಿಗೆ ಹೊಸ ಗ್ರಿಪ್ ಅಂಟಿಸಿದ್ದು), ಬಳಸಿ ಬಿಟ್ಟದ್ದು ಕಾರಿಗೆ ಬೇಡವೇ ಬೇಡ.

ದುಡ್ಡು ಎರಡಕ್ಕೇ ಇದ್ದರೆ ಹೊಸ ಎರಡನ್ನು ಹಿಂದಕ್ಕೆ ಹಾಕಿಸಿ. ಹೆಚ್ಚಿನ ಅಂಗಡಿಗಳಲ್ಲಿ ಮುಂದಕ್ಕೆ ಹಾಕುತ್ತಾರೆ, ಕಾರು ಎಳೆಯುವುದು ಮುಂದಿನ ಗಾಲಿ ಅಂತ. ಆದರೆ ಒದ್ದೆ ರಸ್ತೆಯಲ್ಲಿ ಮುಂದಿನ ಗಾಲಿ ಜಾರಿದರೆ ಆಕ್ಸಿಲರೇಟರ್ ಬಿಟ್ಟು ಸಂಭಾಳಿಸಬಹುದು. ಹಿಂದಿನದು ಜಾರಿದರೆ ಕಾರೇ ತಿರುಗಿ ನಿಲ್ಲುತ್ತದೆ. ಒಂದೇ ಅಚ್ಚಿನ (ಆಕ್ಸಲ್‌ನ) ಎರಡೂ ಗಾಲಿಗೆ ಒಂದೇ ಕಂಪನಿ, ಒಂದೇ ಮಾದರಿ ಇರಬೇಕು.

ಫಿಟ್ಟಿಂಗ್ ಮಾಡುವಾಗ ಪಕ್ಕದಲ್ಲೇ ನಿಂತುಕೊಳ್ಳಿ. ಬಾಣದ ಗುರುತಿದ್ದರೆ ಕಾರು ಮುಂದೆ ಹೋಗುವಾಗ ಟೈರ್ ತಿರುಗುವ ದಿಕ್ಕಿಗೇ ಇರಬೇಕು. "ಔಟ್‌ಸೈಡ್" ಅಂತ ಬರೆದಿದ್ದರೆ ಆ ಮುಖ ಹೊರಗೆ.

ಬಳ್ಳಾರಿ ಜಾಲಿ

ನಮ್ಮ ರಸ್ತೆಗಳ ಎರಡೂ ಬದಿ ಇರುವ ಈ ಜಾಲಿಯ ಮುಳ್ಳಿಗೆ ಹೆದರದ ಟೈರ್ ಇಲ್ಲ. ಮುಳ್ಳು ಒಳಹೊಕ್ಕು ಮುರಿದು ಅಲ್ಲೇ ಉಳಿಯುತ್ತದೆ. ಗಾಳಿ ವಾರಕ್ಕೆ ಮೂರ್ನಾಲ್ಕು ಪಾಯಿಂಟ್ ಇಳಿಯುತ್ತದೆ. ಮೊಳೆ ಕಾಣುವುದಿಲ್ಲ, ಹಾಗಾಗಿ ಜನ ಸುಮ್ನೆ ಗಾಳಿ ತುಂಬಿಸಿಕೊಂಡು ಓಡಾಡುತ್ತಾರೆ. ಒಂದೇ ಗಾಲಿ ಮತ್ತೆ ಮತ್ತೆ ಇಳಿದರೆ ಬಿಚ್ಚಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡಿಸಿ. ರಸ್ತೆಗೆ ತಾಗುವ ಭಾಗದಲ್ಲಿ 6 ಮಿ.ಮೀ.ವರೆಗಿನ ತೂತನ್ನು ಒಳಗಿನಿಂದ ಅಣಬೆ ಆಕಾರದ ಮಶ್ರೂಮ್ ಪ್ಯಾಚ್ ಹಾಕಿ ಸರಿ ಮಾಡಬಹುದು. ಹೊರಗಿನಿಂದ ಚುಚ್ಚುವ ದಾರದ ಪಂಕ್ಚರ್ ಊರು ಮುಟ್ಟುವ ತನಕ ಸಾಕು. ಪಕ್ಕದ ಗೋಡೆಗೆ ಚುಚ್ಚಿದ್ದರೆ ರಿಪೇರಿ ಇಲ್ಲ. "ಟ್ಯೂಬ್ ಹಾಕಿಬಿಡ್ತೀನಿ" ಅಂದರೆ ಒಪ್ಪಬೇಡಿ. ಟ್ಯೂಬ್‌ಲೆಸ್ ಟೈರಿನೊಳಗೆ ಟ್ಯೂಬ್ ಉಜ್ಜಿ ಕಾವು ಹೆಚ್ಚುತ್ತದೆ, ನಮಗೆ ಬೇಡದ್ದೇ ಅದು.

ಹಾಕಿಸಿದ ಮೇಲೆ

ಹೊಸ ಟೈರಿನ ಮೇಲ್ಮೈ ಮೊದಲ ಕೆಲವು ನೂರು ಕಿ.ಮೀ. ಸ್ವಲ್ಪ ಜಾರುತ್ತದೆ. ಅಲ್ಲಿಯವರೆಗೆ ಜೋರಾಗಿ ತಿರುಗಿಸುವುದು, ಗಕ್ಕನೆ ಬ್ರೇಕ್ ಹೊಡೆಯುವುದು ಬೇಡ. 50ರಿಂದ 100 ಕಿ.ಮೀ. ಓಡಿದ ಮೇಲೆ ಗಾಲಿಯ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿಸಿ. ಎಂಟು-ಹತ್ತು ಸಾವಿರ ಕಿ.ಮೀ.ಗೊಮ್ಮೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಬದಲಿಸಿ ಅಲೈನ್‌ಮೆಂಟ್ ಮಾಡಿಸಿ.

ಒಂದು ಸಣ್ಣ ಗಾಳಿ ಮೀಟರ್ ಕೊಂಡು ಕಾರಿನಲ್ಲೇ ಇಟ್ಟುಕೊಳ್ಳಿ. ಅಂಗಡಿಯ ಮೀಟರ್‌ಗಳು ಎಲ್ಲವೂ ಸರಿ ತೋರಿಸುವುದಿಲ್ಲ. ಹದಿನೈದು ದಿನಕ್ಕೊಮ್ಮೆ, ಮುಂಜಾನೆ ಹೊತ್ತಿಗೆ, ನಾಲ್ಕೂ ಗಾಲಿ ನೋಡಿ. ಐದನೆಯದನ್ನೂ ನೋಡಿ. ಪೋತ್ನಾಳಿನ ಆ ಮಧ್ಯಾಹ್ನ ನನ್ನ ಸ್ಟೆಪ್ನಿಯಲ್ಲಿ ಗಾಳಿ ಇತ್ತು. ಅದಕ್ಕೇ ಮಾವನವರನ್ನು ಸಂಜೆಯೊಳಗೆ ಡಾಕ್ಟರ ಮುಂದೆ ಕೂರಿಸಲು ಆಯಿತು.